ಒಂದು ಬೆಳೆಯಷ್ಟು ರಜೆ

ದೇವರಾಯಸಮುದ್ರದ ಗಂಗಾಲಕ್ಷ್ಮಿ ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಗಂಡನನ್ನು ಬಾಯಿಬಿಟ್ಟು ಕೇಳಿದ್ದು ಮೂರೇ. ರೇಷ್ಮೆ ಹುಳದ ಮನೆಗೆ ಸಿಮೆಂಟು ನೆಲ, ಅಡುಗೆಮನೆಗೆ ಒಂದು ಮಿಕ್ಸಿ, ತನಗೆ ಮೂವತ್ತು ದಿನ. ನೆಲ ಏಳು ವರ್ಷಕ್ಕೆ ಬಂತು, ಮಿಕ್ಸಿ ಹನ್ನೊಂದಕ್ಕೆ. ಮೂವತ್ತು ದಿನವನ್ನು ಅವಳು ಕೇಳಿದ್ದು ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಮುನಿಕೃಷ್ಣಪ್ಪ ಎರಡನೇ ಮುದ್ದೆ ಮುರಿದು ಹುರುಳಿಸಾರಿನಲ್ಲಿ ಅದ್ದುವ ಹೊತ್ತಿಗೆ. ಬಾಯಲ್ಲಿ ಮುದ್ದೆಯಿರುವ ಗಂಡಸಿಗೆ ಬೇಡ ಅನ್ನಲು ಸ್ವಲ್ಪ ಸಮಯ ಹಿಡಿಯುತ್ತದೆ ಎಂಬುದು ಅವಳಿಗೆ ಅನುಭವದಿಂದ ಗೊತ್ತಿತ್ತು.

"ಮೇ ತಿಂಗಳು ಒಂದು ಬೆಳೆ ಬಿಡೋಣ. ವಾಣಿಶ್ರೀ ಐರ್ಲೆಂಡಿಗೆ ಬಾ ಅಂತ ಕರೀತಾನೇ ಇದ್ದಾಳೆ. ಮೂವತ್ತು ದಿನ ಹೋಗಿ ಇದ್ದು ಬರ್ತೀನಿ. ನೀವೂ ದಿವ್ಯಾನೂ ಬರೋದಾದ್ರೆ ಬನ್ನಿ."

ಮುನಿಕೃಷ್ಣಪ್ಪ ಮುದ್ದೆ ನುಂಗಿದ. ನೀರು ಕುಡಿದ. ಆಮೇಲೆ, ಐರ್ಲೆಂಡ್ ಅಂದರೆ ಎಲ್ಲಿ ಬರುತ್ತೆ ಎಂದು ಮಗಳನ್ನು ಕೇಳಿದ. ಕೋಲಾರದ ಕಾಲೇಜಿನಲ್ಲಿ ಬಿ.ಕಾಂ ಎರಡನೇ ವರ್ಷ ಓದುತ್ತಿದ್ದ ದಿವ್ಯ, ಇಂಗ್ಲೆಂಡ್ ದಾಟಿ ಆ ಕಡೆ, ನಂಗಲಿ ದಾಟಿದ್ರೆ ಆಂಧ್ರ ಇದ್ದಂಗೆ, ಎಂದಳು. ಅಷ್ಟೇನಾ ದೂರ ಎನ್ನುವಂತೆ ಅವನ ಮುಖ ಒಂದು ಕ್ಷಣ ಸಡಿಲವಾಯಿತು.

ಹುಳ ಮೇಯಿಸುವ ಮನೆಗೆ ರಜೆ ಎಂಬ ಪದಾರ್ಥವಿಲ್ಲ. ಒಂದು ಬೆಳೆ ಗೂಡು ಮಾರಿ ಬಂದರೆ ಹುಳದ ಮನೆ ತೊಳೆದು, ಸುಣ್ಣ ಬ್ಲೀಚಿಂಗ್ ಹಾಕಿ, ಬಾಗಿಲು ಮುಚ್ಚಿ ಆರಿಸುವಷ್ಟರಲ್ಲಿ ಮುಂದಿನ ಚಾಕಿ ಹುಳ ಬಂದು ನಿಲ್ಲುತ್ತವೆ. ಚಾಕಿ ಸೆಂಟರಿನವರು ಮೊಟ್ಟೆಯೊಡೆಸಿ, ಮರಿಗಳನ್ನು ಸ್ವಲ್ಪ ದಿನ ಸಾಕಿ ಮನೆಗೆ ತಂದು ಕೊಡುತ್ತಾರೆ. ಅಲ್ಲಿಂದ ದಿನಕ್ಕೆ ಐದು ಸಲ ಹಿಪ್ಪುನೇರಳೆ ಸೊಪ್ಪು. ನಾಲ್ಕು ಸಲ ಹುಳಗಳು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ನಿದ್ದೆಗೆ ಕೂತು ಪೊರೆ ಕಳಚುತ್ತವೆ. ಅದಕ್ಕೆ ಈ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಬರುವ ಹಸಿವಿಗೆ ಮಿತಿಯಿಲ್ಲ. ಆ ಒಂದು ವಾರ ಮನೆಯಲ್ಲಿ ಯಾರು ಮಲಗಿದರು, ಯಾರು ಉಂಡರು ಎಂದು ಯಾರೂ ಕೇಳುವುದಿಲ್ಲ. ಸೊಪ್ಪು ಕೊಯ್ಯುವುದು, ಗಾಡಿಗೆ ಹೇರುವುದು, ಗೂಡು ಮಾರುವುದು ಮುನಿಕೃಷ್ಣಪ್ಪನ ಕೆಲಸ. ಮೇಯಿಸುವುದು ಗಂಗಾಲಕ್ಷ್ಮಿಯದು. ಹುಳದ ಮನೆಯ ಬಾಗಿಲೂ ಅವಳದೇ. ಬೀಡಿ ಸೇದಿ ಬಂದ ಗಂಡನನ್ನು ಕೂಡ, ಬಾಯಿ ಮುಕ್ಕಳಿಸಿ ಕಾಲು ತೊಳೆದು ಬನ್ನಿ, ಎಂದು ಹೊಸ್ತಿಲಲ್ಲೇ ನಿಲ್ಲಿಸುತ್ತಿದ್ದಳು. ಊರಿನಲ್ಲಿ ಅವನಿಗೆ ಎದುರಾಡುವವರು ಕಡಿಮೆ. ಆ ಹೊಸ್ತಿಲಲ್ಲಿ ಮಾತ್ರ ಅವನು ಬಾಯಿ ಮುಕ್ಕಳಿಸುತ್ತಿದ್ದ.

ವಾಣಿಶ್ರೀ ಮುಳಬಾಗಿಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅವಳ ಪಕ್ಕ ಕೂರುತ್ತಿದ್ದವಳು. ನರ್ಸಿಂಗ್ ಓದಿ ಐರ್ಲೆಂಡಿಗೆ ಹೋಗಿ ಹದಿನೆಂಟು ವರ್ಷವಾಗಿತ್ತು. ಎರಡು ವರ್ಷದ ಹಿಂದೆ ತಾಯಿ ತೀರಿಕೊಂಡಾಗ ಬಂದವಳು, ಅಣ್ಣಂದಿರ ಜಗಳ ನೋಡಲಾರದೆ ಹನ್ನೆರಡು ದಿನ ಗಂಗಾಲಕ್ಷ್ಮಿಯ ಮನೆಯಲ್ಲಿ ಉಳಿದಿದ್ದಳು. ಅವಳು ಏನೋ ಹೇಳಲು ಶುರುಮಾಡುವುದು, ಗಂಗಾಲಕ್ಷ್ಮಿ ತಡಿ ಬಂದೆ ಸೊಪ್ಪಿನ ಹೊತ್ತಾಯ್ತು ಎಂದು ಏಳುವುದು. ಹನ್ನೆರಡು ದಿನವೂ ಇದೇ. ಹೊರಡುವ ದಿನ ವಾಣಿಶ್ರೀ, ನಿನ್ನ ಹತ್ರ ಒಂದು ಮಾತು ಪೂರ್ತಿ ಆಡ್ಬೇಕು ಅಂದ್ರೆ ನಿನ್ನನ್ನ ಸಮುದ್ರ ದಾಟಿಸ್ಬೇಕು ಕಣೇ, ಎಂದಿದ್ದಳು. ಅದು ಗಂಗಾಲಕ್ಷ್ಮಿಯ ತಲೆಯಲ್ಲಿ ಕೂತುಬಿಟ್ಟಿತು.

ಟಿಕೆಟ್ಟಿಗೆ ದುಡ್ಡೆಲ್ಲಿ ಎಂದು ಮುನಿಕೃಷ್ಣಪ್ಪ ಕೇಳಿದ. ಡೈರಿ ಹಾಲಿನದು, ಎಂಟು ವರ್ಷದ್ದು, ಎಂದಳು. ಆ ವಾದ ಅಲ್ಲಿಗೆ ಮುಗಿಯಿತು. ಎರಡನೆಯ ವಾದವನ್ನು ಅವನ ತಾಯಿ ಅಂಜಮ್ಮ ಎತ್ತಿಕೊಂಡಳು. ಎಪ್ಪತ್ತಾರು ವರ್ಷದ ಅಂಜಮ್ಮನ ತವರು ಗಡಿಯಾಚೆಯ ಊರು. ಮಾಮೂಲಿ ಮಾತಿಗೆ ಕನ್ನಡ, ನಿಜವಾದ ಸಿಟ್ಟಿಗೆ ತೆಲುಗು.

"ಐವತ್ತು ವರ್ಷ ಹುಳ ಮೇಯ್ಸಿದೀನಿ ನಾನು. ನನ್ನ ಒಡಹುಟ್ಟಿದ ತಂಗಿ ಮದುವೆಗೂ ಹೋಗ್ಲಿಲ್ಲ. ಯಾಕೆ? ನಾಲ್ಕನೇ ಜ್ವರ. ಇವಳಿಗೇನಂತೆ, ಬೇಸಿಗೆ ಕಳೆಯೋಕೆ ಫಾರಿನ್ನು. ಎಂದುಕಮ್ಮಾ, ಯಾಕಮ್ಮಾ ಇದೆಲ್ಲ?"

ಗಂಗಾಲಕ್ಷ್ಮಿ ಅತ್ತೆಯ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಆಮೇಲೆ ಪಾಸ್‌ಪೋರ್ಟಿಗೆ ಬೇಕಾದ ಕಾಗದಗಳನ್ನು ಜೋಡಿಸಿಕೊಳ್ಳಲು ಎದ್ದಳು. ಏಪ್ರಿಲ್ ತಿಂಗಳಿಡೀ ಅಂಜಮ್ಮ ತಂಗಿಯ ಮದುವೆಗೆ ಹೋಗದ ಕಥೆಯನ್ನು ಬಂದವರಿಗೆಲ್ಲ ಹೇಳಿದಳು. ಹಾಲು ಕೇಳಿ ಬಂದವರಿಗೆ, ಮೀಟರ್ ನೋಡಲು ಬಂದವನಿಗೆ. ಸೊಸೆ ಕೇಳಿಸಿಕೊಂಡೇ ಬಟ್ಟೆ ಮಡಿಸಿದಳು. ಹಸು ನೋಡಿಕೊಳ್ಳಲು, ಅತ್ತೆಗೆ ಜೊತೆಯಿರಲು ಲಕ್ಕೂರಿನಿಂದ ನಾದಿನಿ ಮುನಿಯಲ್ಲಮ್ಮ ಬಂದಳು. ಬಂದವಳು ಮೊದಲು ಕೇಳಿದ್ದು ಗಂಗಾಲಕ್ಷ್ಮಿ ಹೊಸದಾಗಿ ಕೊಂಡ ಸ್ವೆಟರಿನ ಬೆಲೆಯನ್ನು.

ಮೇ ಒಂಬತ್ತನೇ ತಾರೀಕು ಬೆಳಿಗ್ಗೆ ಮೂವರೂ ಹೊರಟರು. ಅದನ್ನು ಗಂಗಾಲಕ್ಷ್ಮಿ ಮೊದಲನೇ ದಿನ ಎಂದು ಲೆಕ್ಕ ಇಟ್ಟುಕೊಂಡಳು. ಮೂವತ್ತನೆಯದು ಜೂನ್ ಏಳು. ಒಂದು ಬೆಳೆಗೆ ಹಿಡಿಯುವಷ್ಟೇ ದಿನ.

ಕಿಲ್ಕೆನಿ ಎಂಬ ಆ ಊರು ಸಣ್ಣದು, ತಣ್ಣಗಿತ್ತು, ಮಧ್ಯದಲ್ಲೊಂದು ಹೊಳೆ. ವಾಣಿಶ್ರೀಯ ಮಗಳು ಡಬ್ಲಿನ್ನಿನಲ್ಲಿ ಓದುತ್ತಿದ್ದುದರಿಂದ ಅವಳ ಕೋಣೆ ಅಮ್ಮ ಮಗಳಿಗೆ, ನಡುಮನೆಯ ಸೋಫಾ ಮುನಿಕೃಷ್ಣಪ್ಪನಿಗೆ. ವಾಣಿಶ್ರೀಯ ಗಂಡ ನಂದೀಶ್ ಶ್ರೀನಿವಾಸಪುರದವನು, ಇಲ್ಲಿ ಬಸ್ ಓಡಿಸುತ್ತಿದ್ದ. ಮಾವಿನ ಸೀಸನ್ನಿನಲ್ಲಿ ಊರಿನಿಂದ ಜನ ಬಂದಿದ್ದಾರೆ, ಕೈಯಲ್ಲಿ ಒಂದು ಮಾವಿನಹಣ್ಣಿಲ್ಲ ಎಂಬುದನ್ನು ಅವನು ನಾಲ್ಕು ದಿನ ಮರೆಯಲಿಲ್ಲ. ಏರ್‌ಪೋರ್ಟಿನಲ್ಲಿ ತೆಗೆದಿಟ್ಕೊಂಡ್ರು ಎಂದು ಮುನಿಕೃಷ್ಣಪ್ಪ ನಾಲ್ಕು ಸಲವೂ ಹೇಳಿದ. ಅವನು ತಂದೇ ಇರಲಿಲ್ಲ.

ಅಲ್ಲಿ ಸೂರ್ಯ ರಾತ್ರಿ ಒಂಬತ್ತರವರೆಗೆ ಮುಳುಗುತ್ತಿರಲಿಲ್ಲ. ಬೆಳಕಿರುವಾಗ ಊಟಕ್ಕೆ ಕೂರುವುದು ಮುನಿಕೃಷ್ಣಪ್ಪನಿಗೆ ತಿಥಿ ಊಟದಂತೆ ಅನ್ನಿಸಿತು. ಮೂರನೇ ದಿನಕ್ಕೆ ಅವನು ಊರ ಹೊರಗಿನ ಹಸುಗಳನ್ನೆಲ್ಲ ನೋಡಿ ಬಂದು, ಒಂದೊಂದು ಮೂವತ್ತು ಲೀಟರಿಗೆ ಕಡಿಮೆಯಿಲ್ಲ, ಆದರೆ ಕಟ್ಟೋರಿಲ್ಲ, ಕರೆಯೋರಿಲ್ಲ, ಮಾತಾಡ್ಸೋರಿಲ್ಲ, ಎಂದು ಹಸುಗಳ ಪರವಾಗಿ ಬೇಸರಪಟ್ಟುಕೊಂಡ. ನಾಲ್ಕನೇ ದಿನಕ್ಕೆ ಬೇಸರ ಅವನದೇ ಆಯಿತು.

ಗಂಗಾಲಕ್ಷ್ಮಿಯ ತೊಂದರೆ ಬೇರೆ ತರಹದ್ದು. ಅವಳಿಗೆ ಕೂರಲು ಬರುತ್ತಿರಲಿಲ್ಲ. ಐದು ಗಂಟೆಗೆ ಎಚ್ಚರ. ಎದ್ದರೆ ಸೊಪ್ಪಿಲ್ಲ, ಹುಳವಿಲ್ಲ. ಕೈ ಸುಮ್ಮನಿರಲಾರದೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ತೊಳೆದಳು. ಪಾತ್ರೆ ತೊಳೆಯುವ ಮಿಷಿನ್ನಿಗೆ ಹಾಕುವ ಮೊದಲು ಪಾತ್ರೆಗಳನ್ನು ತಾನೇ ತೊಳೆದಿಟ್ಟಳು. ದಾರಿಯಲ್ಲಿ ಹೋಗುವಾಗ ಯಾರದೋ ಬೇಲಿಯ ಎಲೆ ಕಿತ್ತು, ಹೆಬ್ಬೆರಳಿನಲ್ಲಿ ಒತ್ತಿ, ಬಲಿತಿದೆ, ಮೂರನೇ ಜ್ವರದವರೆಗೆ ಹಾಕೋ ಹಾಗಿಲ್ಲ, ಎಂದು ದಿವ್ಯಳಿಗೆ ಹೇಳಿದಳು. ಕಿಟಕಿಯಿಂದ ನೋಡುತ್ತಿದ್ದ ಮನೆಯೊಡತಿಗೆ ದಿವ್ಯ ಕೈಬೀಸಿ ನಕ್ಕು, ಅಮ್ಮನ ಮೊಣಕೈ ಹಿಡಿದು ಬೇಗ ಬೇಗ ಮುಂದೆ ನಡೆಸಿದಳು.

ಆರನೇ ದಿನ ವಾಣಿಶ್ರೀಗೆ ತಡೆಯಲಾಗಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವಳಿಗೆ ಕೆಳಗೆ ಮೆಟ್ಟಿಲು ಉಜ್ಜುವ ಸದ್ದು ಕೇಳಿಸಿತು. ಇಳಿದು ಬಂದು ಬ್ರಷ್ಷನ್ನು ಕಿತ್ತುಕೊಂಡಳು.

"ಏನೇ ಇದು? ನನ್ನ ಮನೇಲೂ ಹುಳ ಮೇಯ್ಸ್ತಿದ್ದೀಯಾ?"

"ಸುಮ್ನೆ ಉಣ್ಣೋಕೆ ಒಂಥರಾ ಆಗುತ್ತೆ ಕಣೇ."

"ನಾನು ಹನ್ನೆರಡು ದಿನ ಉಂಡೆ ನಿಮ್ಮನೇಲಿ. ಒಂದು ಲೋಟ ತೊಳೆದಿದ್ನಾ? ಕೂತ್ಕೋ. ಕೂತ್ಕೊಳ್ಳೋಕೆ ಬರಲ್ಲ ಅಂದ್ರೆ ಕಲಿ. ಮೂವತ್ತು ದಿನ ಅದಕ್ಕೇ ಅಂತ ಬಂದಿರೋದು ನೀನು."

ಗಂಗಾಲಕ್ಷ್ಮಿಗೆ ಅವಮಾನವಾಯಿತು. ಆದರೂ ಕೂತಳು. ಮೊದಲ ಅರ್ಧ ಗಂಟೆ ಕೂತದ್ದು ಹಟಕ್ಕೆ. ಟೀ ಬಿಸಿಯಾಗಿರುವಾಗಲೇ ಮುಗಿದು ಹೋಯಿತು ಎಂಬುದು ಲೋಟ ಕೆಳಗಿಡುವಾಗ ಅವಳ ಗಮನಕ್ಕೆ ಬಂತು.

ಎಂಟನೇ ದಿನ ಬೆಳಿಗ್ಗೆ ಐವರೂ ತಿಂಡಿಗೆ ಕೂತಿದ್ದರು. ಗಂಗಾಲಕ್ಷ್ಮಿ ಮಾಡಿದ ಉಪ್ಪಿಟ್ಟು, ನಂದೀಶ್ ತಂದ ಬ್ರೆಡ್ಡು. ಮುನಿಕೃಷ್ಣಪ್ಪನ ಫೋನು ಬಡಿಯಿತು. ಕೈಯಲ್ಲಿ ಉಪ್ಪಿಟ್ಟಿದ್ದುದರಿಂದ ದಿವ್ಯ ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಳು. ಆ ಕಡೆ ಬೈರಕೂರಿನ ವೆಂಕಟರಾಯಪ್ಪ. ಚಾಕಿ ಸೆಂಟರ್ ಇಟ್ಟವನು. ಕೆರೆಯ ಆಚೆ ದಡದಲ್ಲಿ ನಿಂತವರ ಹತ್ತಿರ ಮಾತಾಡುವ ದನಿ ಅವನದು.

"ಮುನಿಕೃಷ್ಣಪ್ಪಾ, ನಿನ್ನ ಇನ್ನೂರು ಮೊಟ್ಟೆ ಚೆನ್ನಾಗಿ ಒಡ್ದವೆ. ಮೊದಲನೇ ಜ್ವರ ಎದ್ದವೆ. ಇಪ್ಪತ್ತನೇ ತಾರೀಕು ಗಾಡಿ ಕಳಿಸ್ತೀನಿ. ಹುಳದ ಮನೆ ರೆಡಿನಾ?"

ಮುನಿಕೃಷ್ಣಪ್ಪ ಎಡಗೈಯಲ್ಲಿ ಫೋನು ಆರಿಸಿದ. ಆಮೇಲೆ ಉಪ್ಪಿಟ್ಟಿನಲ್ಲಿ ಕರಿಬೇವು ಹುಡುಕತೊಡಗಿದ.

ಬಿಡಿಸಿ ಕೇಳಿದಾಗ ತಿಳಿದದ್ದು ಇಷ್ಟು. ಹೊರಡುವ ಹಿಂದಿನ ವಾರವೇ ಅವನು ಇನ್ನೂರು ಮೊಟ್ಟೆಗೆ ಹೇಳಿ ಬಂದಿದ್ದ. ಒಂದು ಚಿಟ್ಟೆ ಇಟ್ಟ ಐನೂರರ ರಾಶಿಗೆ ಈ ಕಡೆ ಒಂದು ಮೊಟ್ಟೆ ಎನ್ನುತ್ತಾರೆ. ಅವಳಿಗೇ ಎಂಟು ಹತ್ತು ದಿನಕ್ಕೆ ಬೇಜಾರಾಗುತ್ತೆ, ಮನೆಗೆ ಹೋಗೋಣ ಅಂತ ಅವಳೇ ಅಂತಾಳೆ, ಆಗ ಹುಳ ತಯಾರಿದ್ದರೆ ಒಂದು ಬೆಳೆ ಉಳಿಯುತ್ತೆ ಎಂಬುದು ಅವನ ಎಣಿಕೆ. ತಾಯಿಗೆ ಗೊತ್ತಿತ್ತು. ತಂಗಿ ಮುನಿಯಲ್ಲಮ್ಮನಿಗೂ ಗೊತ್ತಿತ್ತು. ಮೊಟ್ಟೆ ಒಡೆದ ಮೇಲೆ ಹುಳಕ್ಕೆ ಇವತ್ತು ಬೇಡ ನಾಳೆ ಬಾ ಎಂದು ಹೇಳಲು ಬರುವುದಿಲ್ಲ; ಸೀಮೆಯಲ್ಲಿ ಇದು ಗೊತ್ತಿಲ್ಲದವರೇ ಇಲ್ಲ. ಅದನ್ನೇ ನಂಬಿ ಅವನು ಸುಮ್ಮನಿದ್ದದ್ದು.

"ಮೂರೂ ಟಿಕೆಟ್ ಬದಲಾಯ್ಸೋಣ," ಎಂದ.

"ಒಂದು ಬದಲಾಯ್ಸಿ," ಎಂದಳು ಗಂಗಾಲಕ್ಷ್ಮಿ.

"ಲೇ, ಇನ್ನೂರು ಮೊಟ್ಟೆ ಕಣೇ. ಒಂದು ಲಕ್ಷ ಹುಳ. ನಾನೊಬ್ಬನೇ ಹೆಂಗೆ ಮೇಯಿಸ್ಲಿ?"

"ನಾನೊಬ್ಬಳೇ ಹೆಂಗೆ ಮೇಯಿಸ್ತಿದ್ದೆ, ಹಂಗೆ."

ಜಾಣತನಕ್ಕೆ ಇದು ಸಮಯವಲ್ಲ ಎಂದು ಗೊತ್ತಿದ್ದೂ ದಿವ್ಯ, ಹುಳಕ್ಕೂ ವೀಸಾ ಮಾಡ್ಸಿದ್ರೆ ಆಗ್ತಿತ್ತಲ್ಲಪ್ಪ, ಇಲ್ಲೇ ಮೇಯಿಸ್ಬೋದಿತ್ತು, ಎಂದಳು. ಅಪ್ಪನ ಕಣ್ಣು ನೋಡಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಲು ಕೂತಳು. ನಂದೀಶ್ ಮಧ್ಯಸ್ಥಿಕೆಗೆಂದು ಗಂಟಲು ಸರಿಮಾಡಿಕೊಂಡ. ಅಕ್ಕಾ, ಬೆಳೆ ಹಾಳಾಗೋದು ಯಾಕೆ, ಮುಂದಿನ ವರ್ಷ ಮತ್ತೆ ಬಂದ್ರಾಯ್ತು, ಎಂದ. ವಾಣಿಶ್ರೀ ಅವನಿಗೆ, ನಿನಗೆ ಬಸ್ಸಿಗೆ ಹೊತ್ತಾಯ್ತು, ಎಂದಳು. ಹೊತ್ತಾಗಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಅವನು ಹೊರಟ.

ಮುನಿಕೃಷ್ಣಪ್ಪ ಎರಡು ದಿನ ಹೆಂಡತಿಯೊಂದಿಗೆ ಮಾತು ಬಿಟ್ಟ. ಮಾತು ಬಿಟ್ಟರೆ ಸಾಮಾನ್ಯವಾಗಿ ಎರಡನೇ ದಿನ ಸಂಜೆಗೆ ಅವಳು ಸೋಲುತ್ತಿದ್ದಳು, ಯಾಕೆಂದರೆ ಹುಳದ ಮನೆಯಲ್ಲಿ ಮಾತಾಡದೆ ಕೆಲಸ ಸಾಗುವುದಿಲ್ಲ. ಕಿಲ್ಕೆನಿಯಲ್ಲಿ ಕೆಲಸವಿರಲಿಲ್ಲ. ಮಾತು ಬಿಟ್ಟದ್ದು ಗೊತ್ತಾಗುವುದಕ್ಕೂ ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಹದಿನೆಂಟನೇ ತಾರೀಕು ಡಬ್ಲಿನ್ ಏರ್‌ಪೋರ್ಟಿನಲ್ಲಿ, ಬಾಗಿಲ ಒಳಗೆ ಹೋಗುವ ಮುಂಚೆ, ಅವನು ತಿರುಗಿ ನಿಂತ.

"ಕೊನೇ ಸಲ ಕೇಳ್ತಿದ್ದೀನಿ. ಬರ್ತೀಯೋ ಇಲ್ಲವೋ?"

"ಏಳನೇ ತಾರೀಕು ಬರ್ತೀನಿ. ಸ್ವೆಟರ್ ಹಾಕ್ಕೊಳ್ಳಿ, ವಿಮಾನದಲ್ಲಿ ಥಂಡಿ."

ಅವನು ಮನೆ ಸೇರಿದ ದಿನವೇ ಮುನಿಯಲ್ಲಮ್ಮ, ನಮ್ಮನೇಲೂ ಹಸು ಇವೆಯಪ್ಪ, ಎಂದು ಲಕ್ಕೂರಿನ ಬಸ್ಸು ಹತ್ತಿದಳು. ಹತ್ತುವ ಮೊದಲು ಅತ್ತಿಗೆಗೆ ಫೋನು ಮಾಡಿ, ಗಂಡನನ್ನ ಒಬ್ಬನೇ ಕಳಿಸಿ ಪರದೇಶದಲ್ಲಿ ಕೂತವಳನ್ನ ನಾನು ಇವತ್ತೇ ನೋಡ್ತಿರೋದು, ಎಂದಳು. ನೋಡ್ತಿಲ್ವಲ್ಲಮ್ಮ, ಕೇಳ್ತಿದ್ದೀಯ, ಎಂದಳು ಗಂಗಾಲಕ್ಷ್ಮಿ. ಕೂಲಿಗೆ ಜನ ಸಿಗಲಿಲ್ಲ; ಊರಿನ ಹೆಣ್ಣುಮಕ್ಕಳೆಲ್ಲ ಬೆಳಗಾಗುವ ಮೊದಲೇ ಫ್ಯಾಕ್ಟರಿ ಬಸ್ಸು ಹತ್ತಿ ಹೋಗುತ್ತಿದ್ದರು. ಸೊಪ್ಪು ಕೊಯ್ಯಲು ಪಕ್ಕದ ಮನೆಯ ಶಿವಕುಮಾರ್ ಮಾತ್ರ ಬರುತ್ತಿದ್ದ. ಇಪ್ಪತ್ತನೇ ತಾರೀಕು ವೆಂಕಟರಾಯಪ್ಪನ ಗಾಡಿ ಬಂತು.

ಇತ್ತ ಹದಿನಾಲ್ಕನೇ ದಿನ ಗಂಗಾಲಕ್ಷ್ಮಿ ಎದ್ದಾಗ ಗಡಿಯಾರದಲ್ಲಿ ಎಂಟು. ಗಡಿಯಾರ ನಿಂತಿದೆ ಅಂದುಕೊಂಡಳು. ನಿಂತಿರಲಿಲ್ಲ. ಇಪ್ಪತ್ತಾರು ವರ್ಷದಿಂದ ಮೈಯೊಳಗೆ ಬಡಿಯುತ್ತಿದ್ದ ಐದು ಗಂಟೆಯೇ ನಿಂತಿತ್ತು. ಕೆಳಗಿಳಿದು ಬಂದು, ಏನೋ ಕದ್ದು ತಿಂದವಳ ಹಾಗೆ ವಾಣಿಶ್ರೀಯ ಮುಖ ನೋಡಿದಳು.

ಅವತ್ತು ವಾಣಿಶ್ರೀಗೆ ರಜೆ. ಇಬ್ಬರೂ ಹೊಳೆಯ ದಂಡೆಯ ಕಲ್ಲುಬೆಂಚಿನ ಮೇಲೆ ಫ್ಲಾಸ್ಕು ಇಟ್ಟುಕೊಂಡು ಕೂತರು. ಎರಡು ವರ್ಷದ ಹಿಂದೆ ಅರ್ಧಕ್ಕೆ ನಿಂತ ಮಾತನ್ನು ವಾಣಿಶ್ರೀ ಎತ್ತಿಕೊಂಡಳು. ನರ್ಸಿಂಗಿಗೆ ಅರ್ಜಿ ಹಾಕುವ ಕೊನೇ ದಿನ ಅಪ್ಪ ಅವಳನ್ನು ಮನೆಯಿಂದ ಬಿಟ್ಟಿರಲಿಲ್ಲ, ಕೈಯಲ್ಲಿ ಕಾಸಿಲ್ಲ, ಗಂಗಾಲಕ್ಷ್ಮಿಯ ಬಸ್ ಪಾಸು ಇಸಿದುಕೊಂಡು ಕೋಲಾರಕ್ಕೆ ಹೋಗಿದ್ದಳು. ಕಂಡಕ್ಟರು ಪಾಸಿನ ಫೋಟೋ ನೋಡಿದ, ಅವಳ ಮುಖ ನೋಡಿದ, ಮತ್ತೆ ಫೋಟೋ ನೋಡಿದ. ಜ್ವರ ಬಂದಿತ್ತೇನಮ್ಮ, ಮುಖ ಬದಲಾಗಿದೆ, ಎಂದು ಪಾಸು ವಾಪಸ್ಸು ಕೊಟ್ಟ. ಆ ಪಾಸನ್ನು ಬರುವಾಗ ಎಲ್ಲೋ ಕಳೆದುಕೊಂಡಳು, ಹೇಳಲು ಧೈರ್ಯವಾಗಲಿಲ್ಲ.

"ಕಳೆದಿದ್ದು ನನಗೆ ಗೊತ್ತಿಲ್ವಾ?" ಎಂದಳು ಗಂಗಾಲಕ್ಷ್ಮಿ. "ನಮ್ಮಪ್ಪ ಹೊಡೆದಿದ್ದು ನನ್ನ ಬೆನ್ನಿಗೆ, ನಿನ್ನ ಬೆನ್ನಿಗಲ್ಲ."

ಇಬ್ಬರೂ ನಕ್ಕರು. ಗಂಗಾಲಕ್ಷ್ಮಿ ಗಡಿಯಾರ ನೋಡಿದಳು. ಎರಡು ವರ್ಷ, ಒಂದು ಸಮುದ್ರ, ಎಂಟು ವರ್ಷದ ಹಾಲಿನ ದುಡ್ಡು ಬೇಡಿದ ಆ ಮಾತು ಹನ್ನೊಂದು ನಿಮಿಷದಲ್ಲಿ ಮುಗಿದಿತ್ತು. ಮಿಕ್ಕ ಹೊತ್ತು ಸುಮ್ಮನೆ ಕೂತರು. ಅದಕ್ಕೂ ಫ್ಲಾಸ್ಕಿನಲ್ಲಿ ಟೀ ಇತ್ತು.

ಊರಿನ ಸುದ್ದಿ ದಿವ್ಯಳ ಫೋನಿಗೆ ಬರುತ್ತಿತ್ತು. ಮೂರನೇ ಜ್ವರದಲ್ಲಿ ಮುನಿಕೃಷ್ಣಪ್ಪ ಅವಸರಪಟ್ಟ. ಕೆಲವು ಎದ್ದಿವೆ, ಹಸಿದಿವೆ ಎಂದು ಮರುಗಿ, ಕೆಲವು ಮಲಗಿರುವಾಗಲೇ ಸೊಪ್ಪು ಹಾಕಿಬಿಟ್ಟ. ಎದ್ದವು ತಿಂದು ದಪ್ಪವಾದವು, ಮಲಗಿದ್ದವು ಸೊಪ್ಪಿನಡಿ ಸಿಕ್ಕಿ ಹಿಂದೆ ಬಿದ್ದವು. ಒಂದೇ ತಟ್ಟೆಯಲ್ಲಿ ದೊಡ್ಡವು ಚಿಕ್ಕವು ಬೆರೆತು, ಚಿಕ್ಕವು ಸಾಯತೊಡಗಿದವು. ದಿವ್ಯ ಇದನ್ನು ಓದಿ ಹೇಳಿದಾಗ ಗಂಗಾಲಕ್ಷ್ಮಿ ಅಕ್ಕಿ ಆರಿಸುತ್ತಿದ್ದಳು. ಆ ದೇಶದ ಅಕ್ಕಿಯಲ್ಲಿ ಕಲ್ಲಿರುವುದಿಲ್ಲ; ಆದರೂ ಬಹಳ ಹೊತ್ತು ಆರಿಸಿದಳು.

ಇಪ್ಪತ್ತೊಂದನೇ ದಿನ ಮಧ್ಯಾಹ್ನ ಅವನೇ ವಿಡಿಯೋ ಕಾಲ್ ಮಾಡಿದ. ಏರ್‌ಪೋರ್ಟಿನಲ್ಲಿ ಬಿಟ್ಟು ಬಂದ ಮೇಲೆ ಇದೇ ಮೊದಲ ಮಾತು. ಗಡ್ಡ ಬಿಟ್ಟಿದ್ದ, ಕಣ್ಣು ಕೆಂಪಗಿದ್ದವು. ಹಿಂದೆ ಹುಳದ ಮನೆಯ ತಟ್ಟೆಗಳು ಕಾಣುತ್ತಿದ್ದವು.

"ನಾಲ್ಕನೇ ಜ್ವರಕ್ಕೆ ಕೂತಿವೆ," ಎಂದ. "ಬಂದ್ಬಿಡು ಗಂಗಾ. ಎದ್ದ ಮೇಲೆ ನನ್ನ ಕೈಲಿ ಆಗಲ್ಲ. ಟಿಕೆಟ್ಟಿಗೆ ಎಷ್ಟಾದ್ರೂ ಆಗ್ಲಿ."

ಗಂಗಾ ಎಂದು ಅವನು ಕೊನೆಯ ಸಲ ಕರೆದದ್ದು ದಿವ್ಯ ಹುಟ್ಟಿದ ವರ್ಷ. ಅವಳು ತಟ್ಟೆಗಳನ್ನು ನೋಡಿದಳು. ಎಡಗಡೆಯ ಸಾಲಿನಲ್ಲಿ ತೇವ ಹೆಚ್ಚಾಗಿತ್ತು. ಫೋನಿನ ಗಾಜಿನಲ್ಲೂ ಅದು ಗೊತ್ತಾಗುತ್ತಿತ್ತು. ನಾಳೆ ಹೇಳ್ತೀನಿ ಎಂದು ಇಟ್ಟಳು. ಸಂಜೆ ಊಟ ಸೇರಲಿಲ್ಲ. ವಾಣಿಶ್ರೀಗೆ, ಹೋಗ್ತೀನಿ ಕಣೇ, ಹುಳ ಏನು ತಪ್ಪು ಮಾಡಿದ್ವು, ಎಂದಳು. ವಾಣಿಶ್ರೀ ತಡೆಯಲಿಲ್ಲ. ನಿನ್ನಿಷ್ಟ, ಎಂದು ಟಿಕೆಟ್ ನೋಡಲು ಲ್ಯಾಪ್‌ಟಾಪು ತೆರೆದಿಟ್ಟಳು. ತೆರೆದ ಸದ್ದು ಸ್ವಲ್ಪ ಜೋರಾಗಿತ್ತು.

ಬೆಳಿಗ್ಗೆ ಏಳಕ್ಕೆ, ಊರಿನಲ್ಲಿ ಹನ್ನೊಂದೂವರೆ ಹೊತ್ತಿಗೆ, ಮತ್ತೆ ಫೋನು. ಶಿವಕುಮಾರನ ಫೋನಿನಿಂದ ಅಂಜಮ್ಮ. ಫೋನನ್ನು ಕಿವಿಗೆ ಒತ್ತಿಕೊಂಡಿದ್ದರಿಂದ ಗಂಗಾಲಕ್ಷ್ಮಿಗೆ ಕಂಡದ್ದು ಅತ್ತೆಯ ಓಲೆ ಮಾತ್ರ.

"ಟಿಕೆಟ್ ತಗೊಂಡಿದ್ದೀಯಾ?"

"ಇನ್ನೂ ಇಲ್ಲತ್ತೆ. ಇವತ್ತು ತಗೋತೀನಿ. ಹೊರಟು ಬರ್ತೀನಿ."

"ತಗೋಬೇಡ."

ಗಂಗಾಲಕ್ಷ್ಮಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಅನುಮಾನ. ಅತ್ತೆ ಮುಂದುವರಿಸಿದಳು.

"ಐವತ್ತು ವರ್ಷ ಹುಳ ಮೇಯ್ಸಿದೀನಿ ನಾನು. ತಂಗಿ ಮದುವೆಗೆ ಹೋಗ್ಲಿಲ್ಲ. ಹೋಗಿದ್ರೆ ಏನಾಗ್ತಿತ್ತು? ಒಂದು ಬೆಳೆ ಹೋಗ್ತಿತ್ತು. ಈಗ ತಂಗೀನೂ ಇಲ್ಲ. ಆ ಬೆಳೆ ಎಷ್ಟಕ್ಕೆ ಹೋಯ್ತು ಅಂತ ನೆನಪೂ ಇಲ್ಲ. ನೆನ್ನೆ ಇಡೀ ದಿನ ಅದನ್ನೇ ನೆನಸ್ಕೊಂಡು ಕೂತಿದ್ದೆ, ನೆನಪೇ ಆಗ್ಲಿಲ್ಲ."

"ಇವರು ಒಬ್ರೇ ಹೆಂಗತ್ತೆ..."

"ಅಮ್ಮಾ ಇದೆಂಗೆ, ಅಮ್ಮಾ ಅದೆಂಗೆ ಅಂತ ದಿನಕ್ಕೆ ನೂರು ಸಲ ಬರ್ತಾನೆ. ಇಷ್ಟು ವರ್ಷ ಎಲ್ಲಿ ನೋಡ್ತಿದ್ನೋ. ನೇರ್ಚುಕೋನೀ ವಾಣ್ಣಿ," ಎಂದಳು ಅಂಜಮ್ಮ. ಸೊಸೆಗೆ ತೆಲುಗು ಚೆನ್ನಾಗಿ ಬಂದರೂ ಕನ್ನಡದಲ್ಲಿ ಇನ್ನೊಂದು ಸಲ ಹೇಳಿದಳು, "ಕಲೀಲಿ ಬಿಡು."

ಗಂಗಾಲಕ್ಷ್ಮಿ ಫೋನನ್ನು ಗಂಡನ ಕೈಗೆ ಕೊಡಲು ಹೇಳಿದಳು. ಅವನಿಗೆ ಹೇಳಿದ್ದು ಮೂರು ಮಾತು. ಎಡಗಡೆ ಸಾಲಿಗೆ ಸುಣ್ಣ ಉದುರಿಸಿ, ತೇವ ಜಾಸ್ತಿ ಇದೆ. ಪೂರ್ತಿ ಏಳೋವರೆಗೂ ಒಂದು ಎಲೆ ಹಾಕ್ಬೇಡಿ. ಅಯ್ಯೋ ಪಾಪ ಅಂದ್ರೆ ಕೆಡ್ತೀರ. ನಾನು ಏಳನೇ ತಾರೀಕೇ ಬರೋದು. ಅವನು ಏನೋ ಹೇಳಲು ಬಾಯಿ ತೆರೆದ. ಹಿಂದಿನಿಂದ ಅಂಜಮ್ಮ, ಶಿವಕುಮಾರನ ಕರೆನ್ಸಿ ಅದು, ಸಾಕಿಡು, ಎಂದಳು.

ಲ್ಯಾಪ್‌ಟಾಪನ್ನು ಗಂಗಾಲಕ್ಷ್ಮಿಯೇ ಮುಚ್ಚಿದಳು. ಅವತ್ತು ಮಧ್ಯಾಹ್ನ ವಾಣಿಶ್ರೀ ಎಲ್ಲಿಂದಲೋ ತಂದಿಟ್ಟಿದ್ದ ರಾಗಿಹಿಟ್ಟಿನಲ್ಲಿ ನಾಲ್ಕು ಮುದ್ದೆ ಕಟ್ಟಿದಳು. ಕೋಲಿಲ್ಲದೆ ಲಟ್ಟಣಿಗೆಯಲ್ಲಿ ತಿರುವಿದ ಆ ಮುದ್ದೆಯಲ್ಲಿ ಗಂಟುಗಳಿದ್ದವು. ನಂದೀಶ್ ಎರಡು ತಿಂದು, ಮಾವಿನಹಣ್ಣಿನ ವಿಷಯವನ್ನು ಮನ್ನಾ ಮಾಡಿದ.

ಉಳಿದ ಒಂದು ವಾರ ಅವಳು ಊರಿಗೆ ಫೋನು ಮಾಡಲಿಲ್ಲ. ಅವನೂ ಮಾಡಲಿಲ್ಲ. ಹುಳಗಳು ಹಗಲು ರಾತ್ರಿ ತಿನ್ನುವ ವಾರ ಅದು. ಫೋನು ಹಿಡಿಯಲು ಅಲ್ಲಿ ಯಾರಿಗೂ ಕೈ ಖಾಲಿಯಿರುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅವಳು ಹೊಳೆಯ ದಂಡೆಗೆ ಒಬ್ಬಳೇ ಹೋಗಿ ಬರಲು ಕಲಿತಳು. ಬೇಲಿಯ ಎಲೆ ಕೀಳುವುದನ್ನು ಬಿಟ್ಟಳು. ಕಿಟಕಿಯ ಮನೆಯೊಡತಿ ಈಗ ತಾನೇ ಕೈಬೀಸುತ್ತಿದ್ದಳು.

ಜೂನ್ ಏಳನೇ ತಾರೀಕು ಬೆಳಿಗ್ಗೆ ಒಂಬತ್ತಕ್ಕೆ ಟ್ಯಾಕ್ಸಿ ದೇವರಾಯಸಮುದ್ರದ ಕೆರೆ ಏರಿ ದಾಟಿ ಮನೆ ಮುಂದೆ ನಿಂತಿತು. ಯಾರೂ ಹೊರಗೆ ಬರಲಿಲ್ಲ. ದಿವ್ಯ ಪೆಟ್ಟಿಗೆಗಳನ್ನು ಇಳಿಸುತ್ತಿದ್ದಂತೆ ಗಂಗಾಲಕ್ಷ್ಮಿ ನೇರವಾಗಿ ಹಿತ್ತಿಲ ಕಡೆಗೆ ನಡೆದಳು. ಹುಳದ ಮನೆ ಸದ್ದಿಲ್ಲದೆ ಇತ್ತು. ಹುಳ ಮೇಯುವಾಗ ಒಳಗಿನಿಂದ ಮಳೆ ಬಿದ್ದ ಹಾಗೆ ಸದ್ದು ಬರುತ್ತದೆ. ಸದ್ದಿಲ್ಲ ಎಂದರೆ ಎಲ್ಲ ಸತ್ತಿರಬೇಕು, ಇಲ್ಲ ಹಣ್ಣಾಗಿ ಗೂಡು ಕಟ್ಟಲು ಬಿದಿರು ಹೆಣೆದ ಚಂದ್ರಿಕೆ ಹತ್ತಿರಬೇಕು. ಅವಳ ಹೆಜ್ಜೆ ಬಿರುಸಾಯಿತು.

ಬಾಗಿಲು ಅರ್ಧ ತೆರೆಯಿತು. ಮುನಿಕೃಷ್ಣಪ್ಪ ಹೊಸ್ತಿಲಿಗೆ ಅಡ್ಡ ನಿಂತ. ಪಂಚೆ ಎತ್ತಿ ಕಟ್ಟಿದ್ದ, ಕೈ ಮೊಣಕೈಯವರೆಗೆ ಹಸಿರು, ಎಂಟು ಕೆ.ಜಿ ಇಳಿದಿದ್ದ. ಬೀಡಿಯ ವಾಸನೆ ಇರಲಿಲ್ಲ.

"ನಿಲ್ಲು ಅಲ್ಲೇ," ಎಂದ. "ಏನದು, ಸೆಂಟಾ, ಸೋಪಾ? ತಲೆಗೆ ಸ್ನಾನ ಮಾಡಿ ಕಾಲು ತೊಳ್ಕೊಂಡು ಬಾ. ಹಂಗೇ ಒಳಗೆ ಬರ್ಬೇಡ. ಹುಳ ಹತ್ತಿವೆ."

ಅವನ ಭುಜದ ಮೇಲಿಂದ ಅವಳು ಇಣುಕಿದಳು. ಚಂದ್ರಿಕೆಗಳು ಸಾಲಾಗಿ ನಿಂತಿದ್ದವು, ಒಂದಕ್ಕೊಂದು ಅಂತರ ಬಿಟ್ಟು, ಗಾಳಿಯಾಡುವಂತೆ. ಒಳಗೆ ಮೂಲೆಯಲ್ಲಿ ಅಂಜಮ್ಮ ಮಣೆಯ ಮೇಲೆ ಕೂತು ಹಿಂದುಳಿದ ಹುಳಗಳನ್ನು ಆರಿಸುತ್ತಿದ್ದಳು. ಕೆಲವು ಚಂದ್ರಿಕೆ ಖಾಲಿಯಿದ್ದವು.

"ಎಷ್ಟು ಹೋಯ್ತು?"

"ಮೂರರಲ್ಲಿ ಒಂದು ಪಾಲು. ಮೂರನೇ ಜ್ವರದಲ್ಲಿ ನಾನೇ ಕೆಡಿಸ್ದೆ." ನೋಯಿಸಲೆಂದೇ ಹೇಳಿದ, "ನೀನಿದ್ದಿದ್ರೆ ಹೋಗ್ತಿರ್ಲಿಲ್ಲ."

"ನಾನಿದ್ದಿದ್ರೆ ಹೋಗ್ತಿರ್ಲಿಲ್ಲ," ಎಂದಳು ಗಂಗಾಲಕ್ಷ್ಮಿ. ಆ ಮಾತನ್ನು ಅವನು ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

"ಸರಿ, ಬೇಗ ಸ್ನಾನ ಮಾಡ್ಕೊಂಡು ಬಾ. ಇನ್ನೂ ನಾಲ್ಕು ತಟ್ಟೆ ಹತ್ತಿಸ್ಬೇಕು."

"ಇವತ್ತು ಬರ್ತೀನಿ ಅಂತ ಯಾರು ಹೇಳಿದ್ರು? ಇವತ್ತು ಏಳನೇ ತಾರೀಕು. ಮೂವತ್ತನೇ ದಿನ. ನಾಳೆ ಬೆಳಿಗ್ಗೆ ಐದಕ್ಕೆ ಬರ್ತೀನಿ."

ಅವಳು ಹಿತ್ತಿಲ ಕಲ್ಲುಚಪ್ಪಡಿಯ ಮೇಲೆ ಕೂತಳು. ಚಪ್ಪಲಿ ಬಿಟ್ಟು ಕಾಲು ಚಾಚಿದಳು. ಹಿಪ್ಪುನೇರಳೆ ಸೊಪ್ಪಿನ ಕಂತೆ ಪಕ್ಕದಲ್ಲೇ ಇತ್ತು. ಕೈ ಒಂದು ಸಲ ಆ ಕಡೆ ಹೋಗಿ, ಹಿಂದೆ ಬಂದು, ಮಡಿಲಲ್ಲಿ ಕೂತಿತು.

"ಟೀ ಕೊಟ್ರೆ ಕುಡೀತೀನಿ," ಎಂದಳು.

ಮುನಿಕೃಷ್ಣಪ್ಪ ಅವಳನ್ನು ನೋಡಿದ, ಪೆಟ್ಟಿಗೆ ಎಳೆದುಕೊಂಡು ಬಂದು ನಿಂತ ಮಗಳನ್ನು ನೋಡಿದ. ನೀನು ಹೋಗಿ ಇಡು ಎನ್ನುವಂತೆ ಗಲ್ಲ ಎತ್ತಿದ. ನನಗೂ ಮೂವತ್ತನೇ ದಿನಾನೇ ಅಪ್ಪ, ಎಂದು ದಿವ್ಯ ಅಮ್ಮನ ಪಕ್ಕ ಕೂತಳು.

ಒಳಗಿನಿಂದ ಅಂಜಮ್ಮನ ದನಿ ಬಂತು. "ಲೇ ಮುನಿಕೃಷ್ಣ, ಕೈ ತೊಳ್ಕೊಂಡು ಹೋಗಿ ಟೀ ಇಡು. ನನಗೂ ಒಂದು ಲೋಟ."

ಅವನು ಬಾಗಿಲು ಎಳೆದುಕೊಂಡ. ತೊಟ್ಟಿಯ ಹತ್ತಿರ ಕೈ ತೊಳೆದ, ಎರಡು ಸಲ. ಅಡುಗೆಮನೆಯೊಳಗೆ ಹೋದ. ಸ್ಟೌವಿನ ಸದ್ದು, ಪಾತ್ರೆಯ ಸದ್ದು. ಸಕ್ಕರೆ ಡಬ್ಬ ಎಲ್ಲಿದೆ ಎಂದು ಈಗ ಕೂಗುತ್ತಾನೆ, ಇಪ್ಪತ್ತಾರು ವರ್ಷದಿಂದ ಕೂಗುವ ಹಾಗೆ, ಎಂದು ಗಂಗಾಲಕ್ಷ್ಮಿ ಕಾದಳು.

ಕೂಗಲಿಲ್ಲ.